ಖಾಲಿ ಸೀಟಿನಲ್ಲಿ ಕೂತ ಗೋಧಿ ಮೂಟೆ

ಆರು ಗಂಟೆ ದಾಟಿದೆ, ಸೂರ್ಯ ಇನ್ನೂ ಎದ್ದಿಲ್ಲ. ಲಾರ್ಕ್ ಹಿಲ್ ಊರಿನ ಸುತ್ತಲಿನ ತಗ್ಗುಗಳಲ್ಲಿ ಮಂಜು ತುಂಬಿಕೊಂಡಿದೆ. ಕೊಯ್ಲಾದ ಗೋಧಿ ಹೊಲಗಳ ನೆತ್ತಿಗಳು ಮಾತ್ರ ಅದರ ಮೇಲೆ ತೇಲುತ್ತಿವೆ. ಧಾನ್ಯದ ಗೋದಾಮಿನ ಬಿಳಿ ಗೋಪುರ ಅರ್ಧಕ್ಕೇ ಮಾಯವಾಗಿದೆ. ಅದರ ಬುಡದಲ್ಲಿ, ಲಾರಿಗಳನ್ನು ತೂಗುವ ಕಬ್ಬಿಣದ ಹಾಸಿನ ಮೇಲೆ, ಬೂದು ಬಣ್ಣದ ಒಂದು ವ್ಯಾನು ನಿಂತಿದೆ. ಅದರ ಸ್ಟೀರಿಂಗ್ ಹಿಡಿದು ಒಬ್ಬ ಗಂಡಸು ಕೂತಿದ್ದಾರೆ. ಪಕ್ಕದ ಸೀಟಿನಲ್ಲಿ, ಬೆಲ್ಟು ಬಿಗಿಸಿಕೊಂಡು, ಒಂದು ಗೋಧಿ ಮೂಟೆ ಕೂತಿದೆ.

ವ್ಯಾನಿನ ಸುತ್ತ ನಿಧಾನಕ್ಕೆ ಒಂದು ಸುತ್ತು ಬರುತ್ತಿರುವವರು ಓಪಲ್ ರಿಡ್ಲಿ. ವಯಸ್ಸು ಅರವತ್ತೆರಡು. ಒಂದು ಕೈಯಲ್ಲಿ ಕಾಫಿಯ ಫ್ಲಾಸ್ಕು, ಇನ್ನೊಂದು ಕೈ ಹಿಂದಿನ ಚಕ್ರದ ಮೇಲೆ. ಚಕ್ರವನ್ನು ಅವರು ಮುಟ್ಟಿ ನೋಡುವ ರೀತಿ ಜ್ವರ ಬಂದ ಮಗುವಿನ ಹಣೆ ಮುಟ್ಟಿದಂತಿದೆ. ಲಾರಿಗಳು ಬರುವ ಮುಂಚೆ ಈ ಅರ್ಧ ಗಂಟೆ ತೂಕದ ಹಾಸು ಅವರದು. ಗೋದಾಮಿನ ಆರ್ಲೋ ಒಂಬತ್ತು ವರ್ಷಗಳಿಂದ ಇದನ್ನು ಕಾಸು ಕೇಳದೆ ಬಿಟ್ಟುಕೊಟ್ಟಿದ್ದಾರೆ. ಪ್ರತಿಯಾಗಿ ಅವರ ಕುರ್ಚಿಯ ಮೆತ್ತೆಯನ್ನು ಎರಡು ವರ್ಷಕ್ಕೊಮ್ಮೆ ಓಪಲ್ ಹೊಸದಾಗಿ ಹೊಲಿದುಕೊಡುತ್ತಾರೆ.

"ಒಂಬತ್ತು ಸಾವಿರದ ಮುನ್ನೂರ ಹತ್ತು ಪೌಂಡು," ಆರ್ಲೋ ಕಿಟಕಿಯಿಂದ ಕೂಗುತ್ತಾರೆ. "ಮಿತಿಗಿಂತ ಮುನ್ನೂರ ಹತ್ತು ಜಾಸ್ತಿ ಆಯ್ತು ಓಪಲ್. ಇದು ಗುಡ್ಡ ಹತ್ತಲ್ಲ, ಹತ್ತಿದ್ರೆ ಇಳಿಯಲ್ಲ."

ಊರಿನವರು ಓಪಲ್‌ಗೆ ಇಟ್ಟಿರುವ ಹೆಸರು 'ಪ್ರಳಯದ ದರ್ಜಿ'. ದೇಶದಲ್ಲಿ ದೊಂಬಿ ಎದ್ದರೆ, ಅಂಗಡಿಗಳು ಮುಚ್ಚಿದರೆ, ಕರೆಂಟು ಹೋಗಿ ಬಾರದೇ ಹೋದರೆ ಎಂದು ಅಂಜಿದವರು ಹಳೆಯ ವ್ಯಾನೊಂದನ್ನು ಕೊಂಡು ಇವರ ತಗಡಿನ ಶೆಡ್ಡಿಗೆ ತಂದು ನಿಲ್ಲಿಸುತ್ತಾರೆ. ಬ್ರೆಡ್ಡು ಸಾಗಿಸಿದ್ದು, ಹೂವು ಸಾಗಿಸಿದ್ದು, ಒಮ್ಮೆ ಶವ ಸಾಗಿಸಿದ್ದೂ ಬಂದಿತ್ತು. ಹನ್ನೊಂದು ವಾರಗಳಲ್ಲಿ ಓಪಲ್ ಅದನ್ನು ಮನೆಯಾಗಿಸುತ್ತಾರೆ. ಪಕ್ಕದ ಹೊಲದ ಕುರಿಗಳ ಉಣ್ಣೆಯನ್ನು ತೊಳೆದು, ಒಣಗಿಸಿ, ಗೋಡೆಯೊಳಗೆ ತುಂಬುತ್ತಾರೆ. ಮಾಡಿನ ಮೇಲೆ ಬಿಸಿಲಿನಿಂದ ವಿದ್ಯುತ್ತು ಮಾಡುವ ಹಲಗೆ, ಮಂಚದ ಕೆಳಗೆ ಬ್ಯಾಟರಿ, ಒಲೆ, ನೀರಿನ ತೊಟ್ಟಿ. ಕಿಟಕಿಗೆ ಒಳಗಡೆ ಹೂವಿನ ಬಟ್ಟೆ, ಹೊರಗಡೆ ಬೆಳಕು ಸೋರದ ಕಪ್ಪು ಬಟ್ಟೆ. ಇವತ್ತಿನದು ಗಿರಾಕಿಗಳಿಗೆ ಮಾಡಿದ ಮೂವತ್ತೆಂಟನೆಯ ಗಾಡಿ.

ಅಂಜಿದವರನ್ನು ನೋಡಿ ನಗುವುದು ಸುಲಭ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವವರಿಗಿಂತ ಇವರು ವಾಸಿ ಎಂದು ಓಪಲ್ ಅವರ ಲೆಕ್ಕ. ಆದರೆ ಬಾವಿ ಮೊದಲೇ ತೋಡುವವರು ಮಾಡುವ ಒಂದು ತಪ್ಪಿದೆ, ಅದನ್ನು ಬೇರೆ ಯಾರೂ ಮಾಡುವುದಿಲ್ಲ. ಮನೆಯಲ್ಲಿ ಕೂತು, ಕತ್ತಲಾಗುವ ದೇಶವನ್ನು ಊಹಿಸಿಕೊಳ್ಳುತ್ತ, ಒಂದೊಂದೇ ಡಬ್ಬಿ ಸೇರಿಸುತ್ತಾರೆ. ಡಬ್ಬಿಗೆ ಜಾಗ ಸಾಲದೆ ಹೋದಾಗ ಒಂದು ದಿನ ಬಂದು ಹೇಳುತ್ತಾರೆ: ಆ ಪಕ್ಕದ ಸೀಟು ಕಿತ್ತುಬಿಡಿ, ಹೇಗೂ ನಾನೊಬ್ಬನೇ.

ಓಪಲ್ ಕೀಳುವುದಿಲ್ಲ. ಅಷ್ಟೇ ಅಲ್ಲ, ಆ ಸೀಟಿನಲ್ಲಿ ಗೋಧಿ ಮೂಟೆ ಕೂರಿಸದೆ ಯಾವ ಗಾಡಿಯನ್ನೂ ತೂಗುವುದಿಲ್ಲ. ಮೂಟೆ ನೂರ ಮೂವತ್ತೊಂದು ಪೌಂಡು. ಯಾಕೆ ನೂರ ಮೂವತ್ತೊಂದು, ನೂರೈವತ್ತು ಯಾಕಲ್ಲ ಎಂದು ಆರ್ಲೋ ಒಂಬತ್ತು ವರ್ಷಗಳಿಂದ ಕೇಳುತ್ತಿದ್ದಾರೆ. "ಮೂಟೆ ಸಿಕ್ಕಿದ್ದು ಅಷ್ಟು ದೊಡ್ಡದು," ಎಂದು ಓಪಲ್ ಮಾತು ಹಾರಿಸುತ್ತಾರೆ.

ಈಗ ಸ್ಟೀರಿಂಗ್ ಹಿಡಿದು ಕೂತಿರುವವರು ಲೆಲ್ಯಾಂಡ್ ಪ್ರಾಸರ್. ನಗರದಲ್ಲಿ ಮೂವತ್ತು ವರ್ಷ ಲಿಫ್ಟುಗಳನ್ನು ದುರಸ್ತಿ ಮಾಡಿ ನಿವೃತ್ತರಾದವರು. ನಲವತ್ತು ಮೈಲಿ ಆಚೆಯ ಊರಿನಲ್ಲಿ ಮನೆ. ಚುನಾವಣೆಗೆ ಐದು ವಾರ ಉಳಿದಿದೆ. ಯಾರು ಗೆದ್ದರೂ ಸೋತವರು ಬೀದಿಗಿಳಿಯುತ್ತಾರೆ ಎಂದು ಅವರಿಗೆ ಖಾತ್ರಿ. ಅವರ ಹೆಂಡತಿ ಜಿನ್ನಿಗೆ ಅಷ್ಟೇ ಖಾತ್ರಿ, ಏನೂ ಆಗುವುದಿಲ್ಲ ಎಂದು. "ಆ ತಗಡಿನ ಡಬ್ಬಿಯಲ್ಲಿ ನಾನು ಕಾಲಿಡಲ್ಲ, ನೀನು ಬೇಕಾದ್ರೆ ಹೋಗು" ಎಂದು ಆಕೆ ಅಂದು ಆರು ತಿಂಗಳಾಯಿತು. ಲೆಲ್ಯಾಂಡ್ ಅದನ್ನೇ ಹಿಡಿದು, ಒಬ್ಬರ ಗಾಡಿ ಮಾಡಿಕೊಡಿ ಎಂದು ಬಂದಿದ್ದಾರೆ.

"ಸೀಟು, ಮೂಟೆ ಎರಡೂ ತೆಗೀರಿ," ಲೆಲ್ಯಾಂಡ್ ಕಿಟಕಿಯಿಂದ ತಲೆ ಹೊರಗೆ ಹಾಕಿ ಹೇಳುತ್ತಾರೆ. "ಇನ್ನೂರು ಪೌಂಡು ಅಲ್ಲೇ ಹೋಯ್ತಲ್ಲ. ಬರದೇ ಇರೋರನ್ನ ನಾನ್ಯಾಕೆ ಹೊತ್ಕೊಂಡು ತಿರುಗಲಿ?"

"ಇಪ್ಪತ್ತು ಗ್ಯಾಲನ್ ನೀರು ಇಳಿಸಿ. ಡಬ್ಬಿ ಅರ್ಧ ಇಳಿಸಿ," ಓಪಲ್ ಚಕ್ರದ ಕಡೆಯೇ ನೋಡುತ್ತ ಹೇಳುತ್ತಾರೆ. "ಕಟ್ಟಿಕೊಂಡ ಬುತ್ತಿ ಎಲ್ಲಿಯತನಕ ಬರುತ್ತೆ ಲೆಲ್ಯಾಂಡ್? ಊಟ ದಾರೀಲಿ ಹುಟ್ಟುತ್ತೆ. ಜನ ಹುಟ್ಟಲ್ಲ."

"ಅವಳು ಬರಲ್ಲ ಅಂದಿದಾಳೆ."

"ಇವತ್ತು ಅಂದಿದಾರೆ."

"ನೀವು ತೆಗೀದಿದ್ರೆ ಬೇರೆ ಕಡೆ ತೆಗೆಸ್ತೀನಿ. ಹಾಗಾದ್ರೆ ಗಾಡಿ ಇಲ್ಲಿಂದ ಇವತ್ತೇ ಹೊರಡುತ್ತೆ."

ಈ ಚಳಿಗಾಲಕ್ಕೆ ಓಪಲ್ ಅವರ ಕೈಯಲ್ಲಿರುವುದು ಇದೊಂದೇ ಗಾಡಿ. ಹೋದರೆ ವಸಂತದವರೆಗೆ ಅವರಿವರ ಸೋಫಾ ಹೊಲಿದುಕೊಂಡು ದಿನ ತಳ್ಳಬೇಕು. ಎಡಗೈ ಹೆಬ್ಬೆರಳಿಗೆ ಸೂಜಿ ಚುಚ್ಚಿದರೂ ಗೊತ್ತಾಗುವುದಿಲ್ಲ, ಅಷ್ಟು ಸತ್ತುಹೋಗಿದೆ. ಶೆಡ್ಡಿನಲ್ಲಿ ಜನವರಿಯ ಹೊತ್ತಿಗೆ ಅಂಟು ಗಟ್ಟಿಯಾಗಿ ಡಬ್ಬಿಯಿಂದ ಬರುವುದಿಲ್ಲ, ಅದನ್ನು ಕೋಟಿನೊಳಗೆ ಇಟ್ಟುಕೊಂಡು ಬೆಚ್ಚಗೆ ಮಾಡಬೇಕು. ಆದರೂ ಅವರು ಜೇಬಿನಿಂದ ಒಂದು ಸ್ಪ್ಯಾನರ್ ತೆಗೆದು ಲೆಲ್ಯಾಂಡರ ಕೈಗಿಡುತ್ತಾರೆ.

"ನಾಲ್ಕು ಬೋಲ್ಟು. ನೀವೇ ಬಿಚ್ಚಿ, ನಾನು ಅಡ್ಡ ಬರಲ್ಲ. ಆದರೆ ಮೂರು ದಿನ ಆದ ಮೇಲೆ."

ಆ ಮೂರು ದಿನ ಓಪಲ್ ಅವರ ಕಟ್ಟಳೆ. ಬೀಗದ ಕೈ ಖಾಯಮ್ಮಾಗಿ ಕೊಡುವ ಮುಂಚೆ ಗಾಡಿಯವರು ಮೂರು ಹಗಲು ಮೂರು ರಾತ್ರಿ ಗುಡ್ಡದ ಮೇಲೆ ಗಾಡಿಯಲ್ಲೇ ಇರಬೇಕು. ಅಂಗಡಿಗೆ ಹೋಗುವ ಹಾಗಿಲ್ಲ, ಫೋನು ಮಾಡುವ ಹಾಗಿಲ್ಲ, ಮೂಟೆ ಇಳಿಸುವ ಹಾಗಿಲ್ಲ. ಲೆಲ್ಯಾಂಡ್ ಗೊಣಗುತ್ತಲೇ ಇಪ್ಪತ್ತು ಗ್ಯಾಲನ್ ನೀರು, ನೂರೈವತ್ತು ಪೌಂಡು ಡಬ್ಬಿ ಇಳಿಸುತ್ತಾರೆ. ಓಪಲ್ ಒಂದು ಚೀಲ ಮಸೂರ್ ಬೇಳೆ ಒಳಗಿಡುತ್ತಾರೆ. ಈ ಗುಡ್ಡಗಳಲ್ಲಿ ಗೋಧಿ ಬಿಟ್ಟರೆ ಅದೇ ಬೆಳೆ. ಗಾಡಿ ಮಂಜಿನೊಳಕ್ಕೆ ಇಳಿಯುತ್ತದೆ, ಆಚೆ ಗುಡ್ಡದ ನೆತ್ತಿಯಲ್ಲಿ ಚಿಕ್ಕದಾಗಿ ಮತ್ತೆ ಮೇಲೇಳುತ್ತದೆ. ಪಕ್ಕದ ಸೀಟಿನಲ್ಲಿ ಯಾರೋ ಹೆಂಗಸು ಕೂತ ಹಾಗೇ ಕಾಣುತ್ತದೆ.

ಶೆಡ್ಡಿನ ಬಾಗಿಲಲ್ಲಿ ಕೂತು ಕಾಯುವ ಈ ಮೂರು ದಿನಗಳಲ್ಲಿ ಓಪಲ್ ಹಳೆಯದನ್ನು ಮಾತಾಡುತ್ತಾರೆ. ಬೇರೆ ಹೊತ್ತಿನಲ್ಲಿ ಮಾತಾಡುವುದಿಲ್ಲ. ಬಿಸಿಲು ತಗಡಿನ ಸಂದಿಯಿಂದ ಬಂದು ಉಣ್ಣೆಯ ರಾಶಿಯ ಮೇಲೆ ಮಲಗುತ್ತದೆ. ಉಣ್ಣೆಯ ಎಳೆಗಳು ಗಾಳಿಯಲ್ಲಿ ಏಳುತ್ತವೆ, ಬೀಳುವುದನ್ನು ಮರೆತುಬಿಡುತ್ತವೆ. ಅವರ ಮಾತೂ ಹಾಗೆಯೇ ಅವಸರವಿಲ್ಲದೆ ಬರುತ್ತದೆ.

ಹನ್ನೊಂದು ವರ್ಷದ ಹಿಂದೆ ಅವರು ನಗರದಲ್ಲಿದ್ದರು. ಕೆಳಗೆ ಸೋಫಾ, ಕುರ್ಚಿಗಳಿಗೆ ಬಟ್ಟೆ ಹೊಲಿಯುವ ಅಂಗಡಿ, ಮೇಲೆ ಮನೆ. ಎದುರು ಬಾಗಿಲಿನಲ್ಲಿ ಡೆಲ್ಫಿನ್ ಎಂಬ ಮುದುಕಿ, ಒಂಟಿ. ಆಗಲೇ ಓಪಲ್ ತಮಗಾಗಿ ಒಂದು ವ್ಯಾನು ಮಾಡಿಕೊಂಡಿದ್ದರು. ಅದು ಓಪಲ್ ಅವರ ಮೊದಲ ಗಾಡಿ. ಪಕ್ಕದ ಸೀಟು ಕಿತ್ತು ಆ ಜಾಗದಲ್ಲಿ ಡಬ್ಬಿಗಳ ಕಪಾಟು ಹೊಡೆದಿದ್ದರು. ಆ ಬೇಸಿಗೆಯಲ್ಲಿ ಬೀದಿಯಲ್ಲಿ ಗಲಾಟೆ ಶುರುವಾಯಿತು, ಎರಡು ಓಣಿ ಆಚೆ ಬೆಂಕಿ ಬಿತ್ತು. ನಾಲ್ಕನೆಯ ದಿನ ಓಪಲ್ ಹೊರಟರು.

"ಡೆಲ್ಫಿನ್ ಕೈಚೀಲ ಹಿಡ್ಕೊಂಡು ಬಾಗಿಲಲ್ಲಿ ನಿಂತಿದ್ರು. ಕೋಟು ಹಾಕ್ಕೊಂಡಿದ್ರು, ಆ ಸೆಕೆಯಲ್ಲಿ. ನನ್ನನ್ನ ಕೇಳಲೇ ಇಲ್ಲ. ಗಾಡಿ ಒಳಗೆ ಬಗ್ಗಿ ನೋಡಿದ್ರು. ಸೀಟು ಇರಬೇಕಾದ ಕಡೆ ಹುರುಳಿಕಾಯಿ ಡಬ್ಬಿ ಸಾಲಾಗಿ ಕೂತಿದ್ವು. 'ಹುಷಾರಾಗಿ ಹೋಗಮ್ಮ' ಅಂದ್ರು. ನಾನು ಹೋದೆ."

ಆಮೇಲೆ ಏನಾಯಿತು ಎಂದು ಕೇಳಿದರೆ ಓಪಲ್ ಮುಂದುವರಿಸುತ್ತಾರೆ.

"ಆಮೇಲೇನಿಲ್ಲ. ಅವರ ಒಂದು ಕೂದಲೂ ಕೊಂಕಲಿಲ್ಲ. ಒಂಬತ್ತು ದಿನಕ್ಕೆ ಎಲ್ಲ ತಣ್ಣಗಾಯ್ತು, ನಾನು ವಾಪಸ್ ಬಂದೆ. ನನ್ನ ಅಂಗಡಿ ಗಾಜು ಒಡೆದಿತ್ತು. ಚೂರು ಪೂರಾ ಗುಡಿಸಿಟ್ಟಿದ್ರು ಆ ಮುದುಕಿ. ನನ್ನ ಬೆಕ್ಕಿಗೆ ದಿನಾ ಊಟ ಹಾಕಿದ್ರು. ಬೆಕ್ಕಿಗೂ ನಾನು ಜಾಗ ಇಟ್ಟಿರಲಿಲ್ಲ ನೋಡಿ."

ಮುಂದಿನ ಎರಡು ವರ್ಷ ಓಪಲ್ ದಿನವೂ ಎದುರು ಬಾಗಿಲಿಗೆ ಸೂಪು ಮಾಡಿ ಒಯ್ದರು. ಡೆಲ್ಫಿನ್ ಸೂಪಿಗೆ ಉಪ್ಪು ಕಡಿಮೆ ಎಂದರೇ ಹೊರತು ಆ ದಿನದ ಮಾತೆತ್ತಲಿಲ್ಲ. "ಎತ್ತಿ ಒಂದು ಸಲ ಬೈದಿದ್ರೆ ಚೆನ್ನಾಗಿತ್ತು," ಎನ್ನುತ್ತಾರೆ ಓಪಲ್. ಮುದುಕಿ ತೀರಿಕೊಂಡ ಮೇಲೆ ಆ ಓಣಿಯಲ್ಲಿ ಇರಲಾಗದೆ ಹೊಲಿಗೆ ಮೆಷೀನು ಹೇರಿಕೊಂಡು ಈ ಗೋಧಿ ಸೀಮೆಗೆ ಬಂದರು. ಮೊದಲು ಮಾಡಿದ ಕೆಲಸ ತಮ್ಮ ಗಾಡಿಗೆ ಆ ಸೀಟನ್ನು ಮತ್ತೆ ಕೂರಿಸಿದ್ದು.

ನಾಲ್ಕನೆಯ ಬೆಳಗ್ಗೆ ಲೆಲ್ಯಾಂಡ್ ಇಳಿದು ಬರುತ್ತಾರೆ. ಗಡ್ಡ ಬೆಳೆದಿದೆ, ಹಾಸಿಗೆಯೆಲ್ಲ ಒದ್ದೆ. ಬೆಳಕು ಹೊರಗೆ ಕಂಡೀತೆಂದು ಮಾಡಿನ ಗಾಳಿಕಿಂಡಿಗೆ ಬಟ್ಟೆ ತುರುಕಿದ್ದರಂತೆ. ಅವರ ಉಸಿರೇ ನೀರಾಗಿ ಅವರ ಮೇಲೆ ತೊಟ್ಟಿಕ್ಕಿದೆ. ಓಪಲ್ ಹಾಸಿಗೆಯನ್ನು ಬೇಲಿಗೆ ಹರವುತ್ತಾರೆ. ಸ್ಪ್ಯಾನರ್ ಡ್ಯಾಶ್‌ಬೋರ್ಡಿನ ಮೇಲೆ ಇಟ್ಟಲ್ಲೇ ಇದೆ, ನಾಲ್ಕು ಬೋಲ್ಟೂ ಇದ್ದಲ್ಲೇ ಇವೆ.

"ಎರಡನೇ ದಿನ ಮೂಟೆ ಜೊತೆ ಮಾತಾಡಿದೆ," ಲೆಲ್ಯಾಂಡ್ ತಮ್ಮ ಶೂ ನೋಡಿಕೊಳ್ಳುತ್ತ ಹೇಳುತ್ತಾರೆ.

"ಏನಂದ್ರಿ?"

"ಜಿನ್ನಿಗೆ ಹೇಳಬೇಕಾದ್ದು. ಭಯ ಆಗುತ್ತೆ ಅಂತ. ಅವಳಿಗೆ ಯಾವತ್ತೂ ಹಾಗೆ ಹೇಳಿರಲಿಲ್ಲ. ಜನ ಹಾಳಾದ್ರು, ದೇಶ ಹಾಳಾಯ್ತು ಅಂತಲೇ ಹೇಳ್ತಿದ್ದೆ."

"ಮೂಟೆ ಏನಂತು?"

"ಜಿನ್ನಿಗಿಂತ ಕಡಿಮೆ ಮಾತಾಡ್ತು." ಲೆಲ್ಯಾಂಡ್ ಮೂಗು ಒರೆಸಿಕೊಳ್ಳುತ್ತಾರೆ. "ನಾಳೆ ಮತ್ತೆ ತೂಗೋಣ. ಇವತ್ತು ಮನೆಗೆ ಹೋಗಿ ಬರ್ತೀನಿ."

ಮಾರನೆಯ ಬೆಳಗ್ಗೆ ಅದೇ ಮಂಜು, ಅದೇ ಗೋಪುರ. ವ್ಯಾನು ತೂಕದ ಹಾಸಿನ ಹತ್ತಿರ ಬಂದು ನಿಲ್ಲುತ್ತದೆ. ಹಿಂದೆಯೇ ಒಂದು ಕೆಂಪು ಕಾರು. ಅದರಿಂದ ಹಸಿರು ಸ್ವೆಟರಿನ ಕುಳ್ಳ ಹೆಂಗಸೊಬ್ಬರು ಇಳಿದು, ನೇರ ವ್ಯಾನಿನ ಪಕ್ಕದ ಬಾಗಿಲು ತೆರೆದು, ಮೂಟೆಯನ್ನು ಮೇಲಿಂದ ಕೆಳಗೆ ನೋಡುತ್ತಾರೆ.

"ನನ್ನ ಜಾಗದಲ್ಲಿ ಯಾರನ್ನೋ ಕೂರಿಸ್ಕೊಂಡು ಮೂರು ದಿನ ಸುತ್ತಿದಾನಂತೆ," ಎನ್ನುತ್ತಾರೆ ಜಿನ್ನಿ ಪ್ರಾಸರ್. "ಯಾರವಳು ಅಂತ ನೋಡೋಣ ಅಂತ ಬಂದೆ."

ಆರ್ಲೋ ಕಿಟಕಿಯಲ್ಲಿ ನಗು ನುಂಗಿಕೊಳ್ಳುತ್ತಾರೆ. ಲೆಲ್ಯಾಂಡ್, ಓಪಲ್ ಇಬ್ಬರೂ ಹಿಡಿದು ಮೂಟೆಯನ್ನು ತಳ್ಳುಗಾಡಿಗೆ ಇಳಿಸುತ್ತಾರೆ. ಜಿನ್ನಿ ಹತ್ತಿ ಕೂತು, ಬೆಲ್ಟು ಎಳೆದುಕೊಂಡು, ಮುಖ ಸಿಂಡರಿಸುತ್ತಾರೆ. "ಕಾಲು ನೆಲಕ್ಕೆ ತಾಕಲ್ಲ. ಇದನ್ನ ಯಾವ ಪುಣ್ಯಾತ್ಮರು ಮಾಡಿದ್ದು?"

ಓಪಲ್ ಮಂಡಿಯೂರಿ, ಟೇಪು ತೆಗೆದು, ಜಿನ್ನಿಯ ಶೂವಿನ ಅಡಿಯಿಂದ ಗಾಡಿಯ ನೆಲದವರೆಗೆ ಅಳೆಯುತ್ತಾರೆ. ಐದೂಕಾಲು ಅಂಗುಲ. ಕಾಲಿಡುವ ಪೀಠಕ್ಕೆ ಹಲಗೆ ಶೆಡ್ಡಿನಲ್ಲಿದೆ, ಸಂಜೆಯೊಳಗೆ ಆಗುತ್ತದೆ. ಅವರ ಕೈ ಒಂದು ಕ್ಷಣ ಆ ಶೂವಿನ ಮೇಲೆಯೇ ನಿಲ್ಲುತ್ತದೆ.

"ಗಲಾಟೆ ಗಿಲಾಟೆ ಏನೂ ಆಗಲ್ಲ, ಈಗಲೇ ಹೇಳಿಬಿಡ್ತೀನಿ," ಜಿನ್ನಿ ಗಂಡನ ಕಡೆ ತಿರುಗುತ್ತಾರೆ. "ಆದರೆ ನಿನಗೆ ಭಯ ಆದ್ರೆ ನಾನಿರ್ತೀನಿ. ಆಗಸ್ಟಿನಲ್ಲಿ ಬೆಟ್ಟಕ್ಕೆ ಹಕಲ್‌ಬೆರಿ ಹಣ್ಣು ಕೀಳೋಕೂ ಆಗುತ್ತೆ."

ವ್ಯಾನು ಹಾಸಿನ ಮೇಲೆ ಹತ್ತುತ್ತದೆ. ಆರ್ಲೋ ಅಂಕಿ ಓದಲು ಬಾಯಿ ತೆರೆಯುವಷ್ಟರಲ್ಲಿ ಜಿನ್ನಿ ತಡೆಯುತ್ತಾರೆ: "ಏಯ್, ಗಟ್ಟಿಯಾಗಿ ಓದಬೇಡಪ್ಪ." ಆರ್ಲೋ ಚೀಟಿಯಲ್ಲಿ ಬರೆದು ಓಪಲ್ ಕೈಗೆ ಕೊಡುತ್ತಾರೆ. ಮಿತಿಯೊಳಗಿದೆ. ಓಪಲ್ ಚೀಟಿ ಮಡಚಿ ಜೇಬಿಗೆ ಹಾಕಿಕೊಳ್ಳುತ್ತಾರೆ. ವ್ಯಾನು ಮುಂದೆ ಸಾಗಿ, ಶೆಡ್ಡಿನ ದಾರಿ ಹಿಡಿದು, ತಗ್ಗಿನ ಬಿಳುಪಿನಲ್ಲಿ ಕರಗುತ್ತದೆ. ಒಳಗಿನಿಂದ ಇಬ್ಬರ ಮಾತು ಸ್ವಲ್ಪ ದೂರದವರೆಗೆ ಕೇಳುತ್ತದೆ.

ಹಿಂದಿನ ಮೂವತ್ತೇಳು ಗಾಡಿಗಳು ಈಗ ಎಲ್ಲೆಲ್ಲಿವೆ ಎಂದು ಕೇಳಿದರೆ ಓಪಲ್ ನಗುತ್ತಾರೆ. ಒಂದು ಗಾಡಿ ಮೀನು ಹಿಡಿಯಲು ಹೋಗುತ್ತದೆ, ಒಂದರಲ್ಲಿ ಮೊಮ್ಮಕ್ಕಳು ಆಡುತ್ತವೆ, ಒಂದರಲ್ಲಿ ಕೋಳಿ ಮಲಗುತ್ತವೆ. ಯಾವುದೂ ಇನ್ನೂ ಯಾವ ಬೆಂಕಿಯಿಂದಲೂ ಓಡಿಲ್ಲ. "ನಾನು ಮಾಡಿದ್ದೆಲ್ಲ ದಂಡ ಆಗಲಿ. ಎಲ್ಲ ಗಾಡೀನೂ ಹಣ್ಣು ಕೀಳೋಕೇ ಹೋಗಲಿ. ನನಗೆ ಬೇರೆ ಆಸೆ ಇಲ್ಲ."

ಸೂರ್ಯ ಈಗ ಗುಡ್ಡ ಹತ್ತಿದ್ದಾನೆ. ಮೊದಲ ಲಾರಿಯ ಸದ್ದು ಕೇಳುತ್ತಿದೆ. ಓಪಲ್ ತಳ್ಳುಗಾಡಿಯ ಹಿಡಿಗೆ ಕೈ ಹಾಕುವಾಗ ಆರ್ಲೋ ಹಳೆಯ ಪ್ರಶ್ನೆಯನ್ನೇ ಮತ್ತೆ ಕೇಳುತ್ತಾರೆ. "ನೂರ ಮೂವತ್ತೊಂದೇ ಯಾಕೆ ಓಪಲ್? ಇವತ್ತಾದ್ರೂ ಹೇಳು."

ಓಪಲ್ ಮೂಟೆಯ ಮೇಲೆ ಬೆಲ್ಟು ಬಿಟ್ಟ ಸುಕ್ಕನ್ನು ಅಂಗೈಯಿಂದ ಸವರಿ ಸರಿಮಾಡುತ್ತಾರೆ.

"ಕೊನೇ ವರ್ಷ ಡೆಲ್ಫಿನ್‌ನ ನಾನೇ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ದೆ. ಪ್ರತಿ ಸಲ ನರ್ಸು ತೂಕ ನೋಡಿ ಗಟ್ಟಿಯಾಗಿ ಓದೋಳು," ಎನ್ನುತ್ತಾರೆ. "ಮೂವತ್ತೆಂಟು ಗಾಡೀಲೂ ಮೊದಲು ಕೂತಿದ್ದು ಅವರೇ ಆರ್ಲೋ."