ಮಾವ ಕೀ ಕೊಡುತ್ತಿದ್ದ ಗಡಿಯಾರ

ನಾನು ಕೆಲಸ ಮಾಡುವ ಕಟ್ಟಡದ ನೆತ್ತಿಯ ಮೇಲೆ ಒಂದು ದೊಡ್ಡ ಗಡಿಯಾರವಿತ್ತು. ಅದಕ್ಕೆ ಕೀ ಕೊಡುತ್ತಿದ್ದವನು ನನ್ನ ಸ್ವಂತ ಸೋದರಮಾವ. ಹಾಗಿದ್ದೂ ನಾನು ಅದನ್ನು ಮೊದಲ ಸಲ ಸರಿಯಾಗಿ ನೋಡಿದ್ದು, ಇಸ್ತ್ರಿ ಮಾಡಿದ ಅಂಗಿಯ ಮೇಲೆ ಪಾರಿವಾಳವೊಂದು ತನ್ನ ಅಭಿಪ್ರಾಯ ತಿಳಿಸಿದ ದಿನ. ಬೈಯಲೆಂದು ಕತ್ತೆತ್ತಿದರೆ ನೀಲಿ ಮುಖ, ಚಿನ್ನದ ಬಣ್ಣದ ಅಂಕಿಗಳು, ಅಕ್ಕಪಕ್ಕದಲ್ಲಿ ಗಾರೆಯ ಇಬ್ಬರು ಹೆಂಗಸರು. ಒಬ್ಬಳ ಕೈಯಲ್ಲಿ ಸೂರ್ಯ, ಇನ್ನೊಬ್ಬಳ ಕೈಯಲ್ಲಿ ಚಂದ್ರ. ಚಂದ್ರನವಳ ಮೂಗು ಉದುರಿಹೋಗಿತ್ತು. ಸೂರ್ಯನವಳ ತಲೆಯ ಮೇಲೆ ಗೂಡಿತ್ತು. ಚೆನ್ನಾಗಿದೆಯಲ್ಲ ಅಂದುಕೊಂಡೆ. ಆಮೇಲೆ ತಡವಾಯಿತೇನೋ ಎಂದು ಜೇಬಿನಿಂದ ಮೊಬೈಲು ತೆಗೆದು ಗಂಟೆ ನೋಡಿದೆ. ನನ್ನ ಬುದ್ಧಿ ಇಷ್ಟು.

ಬೇರೆಯವರೂ ನನಗಿಂತ ಮೇಲೇನಲ್ಲ. ಆ ಬೀದಿಯಲ್ಲಿ ಯಾರಿಗೆ ದಾರಿ ಹೇಳುವುದಿದ್ದರೂ 'ಕೆಳಗಡೆ ಎಟಿಎಂ ಇದೆಯಲ್ಲ, ಆ ಬಿಲ್ಡಿಂಗು' ಅನ್ನುತ್ತಿದ್ದರು.

ನನ್ನದು ಮೂರನೆಯ ಮಹಡಿ, ಫ್ರಿಜ್ ಕಂಪನಿಯ ದೂರು ವಿಭಾಗ. ಯಾರದೋ ಮನೆಯಲ್ಲಿ ಹಾಲು ಒಡೆದರೆ ನಾನು ಫೋನಿನಲ್ಲಿ ಕ್ಷಮೆ ಕೇಳಬೇಕು. ಮನೆಯಲ್ಲಿ ಯಾರ ಹತ್ತಿರವೂ ಕ್ಷಮೆ ಕೇಳಿದ ಆಸಾಮಿಯಲ್ಲ ನಾನು. ಸಂಬಳ ಕೊಟ್ಟರೆ ಎಷ್ಟು ಬೇಕಾದರೂ ಕೇಳುತ್ತೇನೆ. ಈ ಕೆಲಸ ಕೊಡಿಸಿದ್ದೂ ಮಾವನೇ. ಅವನು ಅದೇ ಕಟ್ಟಡದ ಲಿಫ್ಟ್ ನಡೆಸುತ್ತಿದ್ದ. ನಮ್ಮ ಆಫೀಸಿನ ಸಾಹೇಬರನ್ನು ಎರಡು ಮಹಡಿಗಳ ನಡುವೆ, ಓಡಿಹೋಗಲು ಆಗದ ಜಾಗದಲ್ಲಿ ಹಿಡಿದು ನನ್ನ ಗುಣಗಾನ ಮಾಡಿದ್ದನಂತೆ.

ಲಿಫ್ಟ್ ಅವನ ಹೊಟ್ಟೆಪಾಡು. ಗಡಿಯಾರ ಅವನ ಜೀವ. ಹಳೆಯ ಯಜಮಾನರು ಕೀ ಹಿಡಿಯನ್ನು ಅವನ ಕೈಗಿಟ್ಟಾಗ ಅವನಿಗೆ ನನ್ನ ವಯಸ್ಸು. ಅಂದಿನಿಂದ ಪ್ರತಿ ಸೋಮವಾರ ಬೆಳಿಗ್ಗೆ ಎಣ್ಣೆ ಡಬ್ಬಿ, ಹಳೆ ಬನಿಯನ್ನಿನ ತುಂಡು, ಕೀ ಹಿಡಿ ಹಿಡಿದುಕೊಂಡು ನಮ್ಮ ಆಫೀಸಿನ ಸಾಮಾನು ಕೋಣೆಯ ಮೂಲಕ, ಗಿಡ್ಡ ಕಬ್ಬಿಣದ ಬಾಗಿಲಲ್ಲಿ ಬಗ್ಗಿ ಒಳಗೆ ಹೋಗುತ್ತಿದ್ದ. 'ನಿಮ್ಮ ಮಾವ ಬಂದ್ರು, ಇನ್ನು ಟೈಮು ಸರಿಯಾಗುತ್ತೆ' ಎಂದು ಪಕ್ಕದವರು ಕಿಚಾಯಿಸಿದರೆ ನಾನು ಕಂಪ್ಯೂಟರ್ ಪರದೆಯೊಳಗೆ ಮುಖ ಹುದುಗಿಸುತ್ತಿದ್ದೆ.

ಮಾವ ಕೈಗೆ ವಾಚು ಕಟ್ಟಿದವನಲ್ಲ. ಮನೆಯ ಗೋಡೆಗೂ ಗಡಿಯಾರ ಹಾಕಗೊಟ್ಟಿರಲಿಲ್ಲ. ಯಾರಾದರೂ 'ಸುಮಾರು ಒಂಬತ್ತು' ಅಂದರೆ ಉರಿದುಬೀಳುತ್ತಿದ್ದ: ಸುಮಾರು ಅಂದರೇನು, ಒಂಬತ್ತಕ್ಕೆ ಎಷ್ಟು ನಿಮಿಷ ಇದೆ ಹೇಳು. ಅತ್ತೆ ಆ ಕಟ್ಟಡದ ಗಡಿಯಾರವನ್ನು ಸವತಿ ಎಂದೇ ಕರೆಯುತ್ತಿದ್ದಳು. ಸೋಮವಾರ ಬೆಳಿಗ್ಗೆ ಅವನು ಕನ್ನಡಿ ಮುಂದೆ ನಿಂತು ತಲೆ ಬಾಚುವಾಗ, "ಬೇಗ ಹೊರಡಿ, ಅವಳು ಕಾಯ್ತಿರ್ತಾಳೆ. ನನ್ನ ಸೊಂಟಕ್ಕಂತೂ ಎಣ್ಣೆ ಹಚ್ಚೋರು ಗತಿಯಿಲ್ಲ" ಅನ್ನುವಳು. ಮಾವನ ಮುಖ ಇಷ್ಟಗಲ ಆಗುತ್ತಿತ್ತು.

ಕಟ್ಟಡ ಕೈ ಬದಲಾಯಿತು. ಹೊಸ ಯಜಮಾನರನ್ನು ನಾವು ಯಾರೂ ನೋಡಲಿಲ್ಲ. ಅವರ ಪರವಾಗಿ ಮ್ಯಾನೇಜರೊಬ್ಬರು ಬಂದು ಕೂತರು. ಎದುರುಗಡೆಯ ಗೋಡೆಗೆ ಪೂರ್ತಿ ತಗಡು ಹೊದಿಸಿ ಹೊಳೆಯುವ ಹಾಗೆ ಮಾಡುತ್ತಾರೆಂದೂ, ಗಡಿಯಾರ, ಗಾರೆ ಹೆಂಗಸರು ಎಲ್ಲ ಅದರ ಹಿಂದೆ ಹೋಗುತ್ತವೆಂದೂ ಸುದ್ದಿ ಹಬ್ಬಿತು. ಮಾವ ಮ್ಯಾನೇಜರ ಬಳಿ ಹೋಗಿ, ಈ ಬೀದಿಗೆ ಬೀದಿಯೇ ಆ ಗಡಿಯಾರ ನೋಡಿಕೊಂಡು ಬದುಕುತ್ತಿದೆ, ಮುಚ್ಚಿದರೆ ಜನ ಸುಮ್ಮನಿರುವುದಿಲ್ಲ ಎಂದು ವಾದಿಸಿದ. ಅವರು ಕೆಟ್ಟವರಲ್ಲ. ಜನ ಹಾಗೆ ಕೇಳುವುದೇ ಆದರೆ ನಾನೂ ಮೇಲಿನವರಿಗೆ ಹೇಳಿ ನೋಡುತ್ತೇನೆ ಅಂದರು.

ಮಾವನ ತಲೆಗೆ ಹುಳ ಹೊಕ್ಕಿದ್ದು ಅಲ್ಲಿ. ಜನ ಕೇಳಬೇಕಾದರೆ ಗಡಿಯಾರ ನಿಲ್ಲಬೇಕು.

ಮುಂದಿನ ಸೋಮವಾರ ಅವನು ಒಳಗೆ ಹೋದವನು ಬೇಗ ಹೊರಬಂದ. ಮುಖ ಬಿಳಿಚಿಕೊಂಡಿತ್ತು. ನನ್ನ ಕುರ್ಚಿಯ ಹಿಂದೆ ನಿಂತು ಪಿಸುಗುಟ್ಟಿದ: "ಲೋಲಕಾನ ಕೈಯಲ್ಲಿ ಹಿಡಿದು ನಿಲ್ಲಿಸಿಬಿಟ್ಟೆ ಕಣೋ. ಕೋಳಿ ಕತ್ತು ಹಿಡಿದ ಹಾಗಾಯ್ತು."

ಮುಳ್ಳುಗಳು ಹತ್ತೂಕಾಲಿಗೆ ನಿಂತವು. ಮಾವ ಬಿಡುವಾದಾಗಲೆಲ್ಲ ಬೀದಿ ದಾಟಿ, ಎದುರಿನ ಕೊಡೆ ರಿಪೇರಿಯವನ ಪಕ್ಕ ನಿಂತು ಜನರ ಮುಖ ನೋಡುತ್ತಿದ್ದ. ಒಬ್ಬರಾದರೂ ಕತ್ತೆತ್ತಬೇಕಲ್ಲ. ಮಧ್ಯಾಹ್ನವೂ ಹತ್ತೂಕಾಲು, ಸಂಜೆಯೂ ಹತ್ತೂಕಾಲು. ಆಫೀಸು ಬಿಟ್ಟವರು ಅದರ ಕೆಳಗೇ ಬಸ್ಸಿಗೆ ಕಾದರು, ಜಗಳವಾಡಿದರು, ಹೋದರು. ಜನಕ್ಕೆ ಗೊತ್ತಾಗಲು ಸ್ವಲ್ಪ ಹೊತ್ತು ಬೇಕು ಅಂದ ಮೊದಲ ದಿನ. ವಾರ ಕಳೆಯುತ್ತ ಬಂದಾಗ ಆ ಮಾತನ್ನೂ ಬಿಟ್ಟ. ಕೊನೆಗೊಬ್ಬ ಮಧ್ಯವಯಸ್ಕ ನಿಂತು ಮೇಲಕ್ಕೆ ನೋಡಿದ, ನೋಡುತ್ತಲೇ ಇದ್ದ. ಮಾವ ವಾಹನಗಳ ನಡುವೆ ನುಗ್ಗಿ ಅವನ ಬಳಿ ಓಡಿದ. ಮೇಲಿನ ಮಹಡಿ ಬಾಡಿಗೆಗಿದೆಯಾ ಎಂದು ಕೇಳಿದನಂತೆ ಆ ಪುಣ್ಯಾತ್ಮ.

ಅತ್ತೆ ಸವತಿಯ ಮಾತು ನಿಲ್ಲಿಸಿದಳು. ನನ್ನನ್ನು ಅಡುಗೆಮನೆಗೆ ಕರೆದು, "ಏನಾದ್ರೂ ಮಾಡೋ. ಇವರು ಸರಿಯಾಗಿ ಉಣ್ತಿಲ್ಲ" ಅಂದಳು.

ದೂರು ಎಂದರೆ ನನ್ನ ಕಸುಬು. ದಿನಕ್ಕೆ ಅಷ್ಟು ಜನರ ಬೈಗುಳ ತಿನ್ನುವವನಿಗೆ ಒಂದು ದೂರು ಕೊಡುವುದು ಯಾವ ಮಹಾ ಎಂದು, ಮರುದಿನ ಬಸ್ ನಿಲ್ದಾಣದಿಂದ ಮ್ಯಾನೇಜರಿಗೆ ಫೋನ್ ಮಾಡಿದೆ. ಗಂಟಲು ದಪ್ಪ ಮಾಡಿಕೊಂಡು, ನಾನೊಬ್ಬ ಸಾರ್ವಜನಿಕ, ನಿಮ್ಮ ಕಟ್ಟಡದ ಗಡಿಯಾರ ನಿಂತು ನಮಗೆಲ್ಲ ತುಂಬಾ ತೊಂದರೆಯಾಗಿದೆ ಎಂದೆ. ಚೆನ್ನಾಗಿಯೇ ಹೇಳಿದೆ. ಅವರು ಆಗಲಿ, ನೋಡುತ್ತೇನೆ ಅಂದರು. ಅಲ್ಲಿಗೆ ಫೋನ್ ಇಡಬೇಕಿತ್ತು. ಆದರೆ ವರ್ಷಗಟ್ಟಲೆ ಹೇಳಿ ಹೇಳಿ ಪಳಗಿದ ನಾಲಗೆ, ತಾನಾಗಿ ಮುಂದುವರಿಯಿತು: "ಕರೆ ಮಾಡಿದ್ದಕ್ಕೆ ಧನ್ಯವಾದ ಸರ್, ನನ್ನಿಂದ ಬೇರೆ ಏನಾದ್ರೂ ಸಹಾಯ ಆಗ್ಬೇಕಿತ್ತಾ?"



"ಮೂರನೇ ಮಹಡಿ ಫ್ರಿಜ್ಜಿನ ಹುಡುಗ ಅಲ್ವೇನಪ್ಪಾ ನೀನು? ಲಿಫ್ಟ್ ಅವರ ಅಳಿಯ?"

ನಾನು ಫೋನ್ ಇಟ್ಟೆ. ಬಂದ ಬಸ್ಸು ಯಾವುದೆಂದು ನೋಡದೆ ಹತ್ತಿದೆ.

ಮರುದಿನ ನಮ್ಮಿಬ್ಬರಿಗೂ ಕರೆ ಬಂತು. ಬೈಯುತ್ತಾರೆಂದು ನಾನು ಮುಂಚೆಯೇ ತಲೆ ತಗ್ಗಿಸಿಕೊಂಡು ಹೋದೆ. ಅವರು ಬೈಯಲಿಲ್ಲ. ಮಾವನಿಗೆ ಕುರ್ಚಿ ತೋರಿಸಿದರು, ಮಾವ ಕೂರಲಿಲ್ಲ. ನಿಲ್ಲಿಸಿದ್ದು ನೀವೇನಾ ಎಂದು ಕೇಳಿದರು. ಮಾವ ಹೌದೆಂದು ತಲೆ ಆಡಿಸಿದ.

"ನಿಮ್ಮ ಪರವಾಗಿ ಒಂದು ಮಾತು ಹೇಳೋಣ ಅಂತಾನೇ ಇದ್ದೆ ನಾನು" ಅಂದರು. "ಈಗ ಏನಂತ ಹೇಳ್ಲಿ, ನೀವೇ ಹೇಳಿ. ಇಷ್ಟು ದಿನ ನಿಂತಿದೆ. ಕೇಳಿದ್ದು ನಿಮ್ಮ ಅಳಿಯ ಒಬ್ಬನೇ. ದಿನಾ ಅದರ ಕೆಳಗೇ ಬಂದು ಹೋಗ್ತೀನಿ, ಅವನು ಫೋನ್ ಮಾಡೋ ತನಕ ನನಗೇ ಗೊತ್ತಿರಲಿಲ್ಲ."

ಅವರ ದನಿಯಲ್ಲಿ ನಿಜವಾದ ಸಂಕಟವಿತ್ತು. ಗದರಿದ್ದರೆ ಮಾವ ಎದುರು ಮಾತಾಡುತ್ತಿದ್ದನೇನೋ. ಸುಮ್ಮನೆ ಹೊರಗೆ ಬಂದ.

ತಗಡಿನ ಕೆಲಸ ಶುರುವಾಗಲು ಇನ್ನೂ ಸಮಯವಿತ್ತು. ಅಲ್ಲಿಯವರೆಗಾದರೂ ಓಡಲಿ, ಹೋಗಿ ಲೋಲಕ ತಳ್ಳಿ ಬಾ ಎಂದು ನಾನೇ ಎಣ್ಣೆ ಡಬ್ಬಿ ತಂದುಕೊಟ್ಟೆ. ಮಾವ ಗಿಡ್ಡ ಬಾಗಿಲಿನ ತನಕ ಹೋದ, ಚಿಲಕದ ಮೇಲೆ ಕೈಯಿಟ್ಟ, ಕೈ ಹಿಂದಕ್ಕೆ ತೆಗೆದ.

"ಯಾರಿಗೋಸ್ಕರ ಕಣೋ?" ಅಂದ.

ಎಲ್ಲದಕ್ಕೂ ಸಿದ್ಧ ಉತ್ತರ ಇಟ್ಟುಕೊಂಡಿರುವ ಹುದ್ದೆ ನನ್ನದು. ಅವನ ಕೈಯಿಂದ ಎಣ್ಣೆ ಡಬ್ಬಿ ಈಸಿಕೊಂಡೆ.

ಈಗ ಗೋಡೆಗೆ ತಗಡು ಬಂದಿದೆ. ಬಿಸಿಲಿಗೆ ಕಣ್ಣು ಕುಕ್ಕುತ್ತದೆ. ಪಾರಿವಾಳಗಳು ಎಟಿಎಂ ಮೇಲಿನ ಬೋರ್ಡಿಗೆ ಬಿಡಾರ ಬದಲಿಸಿವೆ. ಅತ್ತೆ ಮನೆಗೊಂದು ಬ್ಯಾಟರಿ ಗಡಿಯಾರ ತಂದು ತೂಗುಹಾಕಿದಳು. ಬೇಡವೆಂದು ಅವನು ಜಗಳವಾಡಲಿ ಎಂದೇ ತಂದಿದ್ದು. ಅವನು ಮೊಳೆ ಹೊಡೆದುಕೊಟ್ಟ.

ಲಿಫ್ಟಿನಲ್ಲಿ ಸ್ಟೂಲಿನ ಮೇಲೆ ಕೂತು ಅವನು ಈಗ ನನ್ನನ್ನು ಕೇಳುತ್ತಾನೆ, ಗಂಟೆ ಎಷ್ಟಾಯ್ತೋ ಎಂದು. ಹೇಳುತ್ತೇನೆ. ಮುಂದಿನ ಮಹಡಿ ಬರುವಷ್ಟರಲ್ಲಿ ಮತ್ತೆ ಕೇಳುತ್ತಾನೆ. ಮರೆವು ಎಂದುಕೊಂಡಿದ್ದೆ. ಮೊನ್ನೆ ಬೆಳಿಗ್ಗೆ, ಕೆಲಸಕ್ಕೆ ಬಂದವನು ಅವನನ್ನು ಕೆರಳಿಸಿಯಾದರೂ ನೋಡೋಣ ಎಂದು, "ಸಂಜೆ ಸುಮಾರು ಏಳು, ಮಾವ" ಅಂದೆ.

ಬೈಗುಳಕ್ಕೆ ಕಾದೆ. ನನಗೆ ಅಭ್ಯಾಸವಿದೆ.

"ಹೌದಾ" ಎಂದು ಅವನು ಮೂರನೆಯ ಮಹಡಿಯ ಬಾಗಿಲು ಸರಿಸಿದ.