ಹಿಡಿದುಕೊಳ್ಳುವವರ ಕಣ್ಣು

ನಮ್ಮ ಬೀದಿಯ ವೆಲ್ಡಿಂಗ್ ಸಾಮಾನಿನ ಅಂಗಡಿಯವನದು ವ್ಯಾಪಾರಕ್ಕಿಂತ ವಿಚಾರಣೆಯೇ ಹೆಚ್ಚು. ಹೆಲ್ಮೆಟ್ ಕೇಳಿದವರ ತಲೆಗೆ ಅದನ್ನು ತೊಡಿಸಿ, ಸುತ್ತು ಬಂದು ನೋಡಿ, "ಕರೆಂಟ್ ಎಷ್ಟಿಡ್ತೀರಿ? ಹಾಗಾದ್ರೆ ಹತ್ತನೇ ನಂಬರ್ ಗಾಜು ಸಾಕು. ಕಪ್ಪು ಜಾಸ್ತಿಯಾದ್ರೆ ಕಬ್ಬಿಣ ಬಿಟ್ಟು ಬೆರಳು ಸುಟ್ಕೋತೀರಿ" ಎನ್ನುತ್ತಾನೆ. ಕೂಲಿಂಗ್ ಗ್ಲಾಸ್ ಸಾಲದೇ ಎಂದವರನ್ನು "ಪೇಟೆ ಸುತ್ತೋಕೆ ಹೊರಟ್ರಾ ಯಜಮಾನ್ರೇ?" ಎಂದು ಕೆಣಕುತ್ತಾನೆ. ಕೊನೆಯ ಪ್ರಶ್ನೆ ಮಾತ್ರ ಎಲ್ಲರಿಗೂ ಒಂದೇ: "ಪಕ್ಕದಲ್ಲಿ ಕಬ್ಬಿಣ ಹಿಡ್ಕೊಳ್ಳೋರಿಗೆ ಯಾವುದು?" ಎರಡನೆಯದು ಬೇಡವೆಂದವರಿಗೆ ಮೊದಲನೆಯದನ್ನೂ ಕೊಡುವುದಿಲ್ಲ. ಗಿರಾಕಿ ಸಿಡುಕಿದರೆ ಒಳಗೆ ಕೂತ ಹೆಂಡತಿ ನಗುತ್ತಾಳೆ: "ತಗೊಳ್ಳಿ ಅಣ್ಣಾ. ಮದುವೆಯಾದ ಹೊಸದರಲ್ಲಿ ಇವರು ವೆಲ್ಡಿಂಗ್ ಮಾಡೋವಾಗ ಬರಿಗಣ್ಣಲ್ಲಿ ಕಬ್ಬಿಣ ಹಿಡ್ಕೊಂಡವಳು ನಾನೇ. ಈಗ ಇವರ ಮುಖ ನೋಡೋ ಕಷ್ಟ ತಪ್ಪಿದೆ." ಅವನೂ ನಗುತ್ತಾನೆ. ಚಹಾ ಲೋಟವನ್ನು ಅವಳ ಬೆರಳಿಗೆ ತಾಗಿಸಿ, ಸರಿಯಾಗಿ ಹಿಡಿದುಕೊಂಡಳೆಂದು ಖಚಿತವಾದ ಮೇಲೆಯೇ ತನ್ನ ಕೈ ಬಿಡುತ್ತಾನೆ.