ಸೌದೆ ಕೋಣೆಯ ಬೀಗ

ಕೋರ್ಟು ವಿಚ್ಛೇದನ ಕೊಟ್ಟ ದಿನ ಸದ್ಯ ಬಚಾವಾದೆ ಎಂದುಕೊಂಡಿದ್ದೆ. ಎಂಬತ್ತರ ದಶಕದ ನಡುಭಾಗ. ಮನೆಗೇ ಇನ್ನೊಬ್ಬಳನ್ನು ಕರೆತಂದು ನನ್ನನ್ನು ಹೊಡೆದಟ್ಟಿದ್ದ ಗಂಡನಿಂದ ಬಿಡುಗಡೆ ಸಿಕ್ಕಿತ್ತು. ಆಗ ನಾನು ತುಮಕೂರಿನಲ್ಲಿ ಪ್ರೈಮರಿ ಶಾಲೆಯ ಟೀಚರು. ದಿನಾ ಗುಬ್ಬಿಯಿಂದ ಬರುತ್ತಿದ್ದ ಮೇಷ್ಟ್ರೊಬ್ಬರು, ಹೆಂಡತಿ ತೀರಿಕೊಂಡಿದ್ದವರು, ನನ್ನನ್ನು ಮದುವೆಯಾಗುತ್ತೇನೆ ಎಂದರು. ಅವರೂ ಕ್ಯಾಥೋಲಿಕರೇ. ಇಬ್ಬರೂ ಚರ್ಚಿನ ಫಾದರ್ ಹತ್ತಿರ ಹೋದೆವು.

“ಕೋರ್ಟ್ ಬಿಡಿಸಿದ್ದು ಕೋರ್ಟಿಗಾಯ್ತಮ್ಮ. ದೇವರ ಮುಂದೆ ನೀನಿನ್ನೂ ಅವನ ಹೆಂಡ್ತೀನೇ,” ಎಂದರು ಫಾದರ್.

ಆ ಮದುವೆ ಮೊದಲಿನಿಂದಲೂ ಮದುವೆಯೇ ಆಗಿರಲಿಲ್ಲ ಎಂದು ಬೆಂಗಳೂರಿನಲ್ಲಿರುವ ಚರ್ಚಿನ ನ್ಯಾಯಪೀಠ ತೀರ್ಪು ಕೊಡಬೇಕಂತೆ. ಅಲ್ಲಿಯವರೆಗೆ ನಾವಿಬ್ಬರೂ ಜೊತೆಯಲ್ಲಿ ಸಿನಿಮಾಕ್ಕೂ ಹೋಗಕೂಡದು. ರಿಜಿಸ್ಟರ್ ಮದುವೆ ಮಾಡಿಕೊಂಡರೆ ಪಾಪದಲ್ಲಿ ಬದುಕಿದಂತೆ, ಪೂಜೆಯಲ್ಲಿ ಕೊಡುವ ಪರಮಪ್ರಸಾದ ಸಿಗುವುದಿಲ್ಲ. ಹೊಡೆದವನಿಗೆ ಇಲ್ಲದ ಕಟ್ಟಳೆಯೆಲ್ಲ ನನಗೇ ಎಂದು ಮೈ ಉರಿಯಿತು. ಕೊನೆಗೆ ಫಾದರೇ ಕೇಳಿದರು: “ಯಾರಾದ್ರೂ ಬಲವಂತ ಮಾಡಿ ತಾಳಿ ಕಟ್ಸಿದ್ರಾ? ಹಂಗಿದ್ರೆ ದಾರಿ ಇದೆ. ಸಾಕ್ಷಿ ಬೇಕು.”

ಬಲವಂತ! ಎಪ್ಪತ್ತರ ದಶಕದ ಕೊನೆಯಲ್ಲಿ, ಕುಣಿಗಲ್ಲಿನ ನಮ್ಮ ಮನೆಯಲ್ಲಿ, ಈ ಗಂಡು ಬೇಡ ಎಂದಿದ್ದಕ್ಕೆ ಅಪ್ಪ ನನ್ನನ್ನು ಎರಡು ದಿನ ಸೌದೆ ಕೋಣೆಗೆ ಹಾಕಿ ಬೀಗ ಜಡಿದಿದ್ದರು. ಬೀಗದ ಕೈ ಅಮ್ಮನ ಸೆರಗಿನ ಗಂಟಿನಲ್ಲಿತ್ತು. ಊಟದ ತಟ್ಟೆ ಒಳಗಿಡುವಾಗ ಅವಳು ಅಳುತ್ತಿದ್ದಳು, ಮತ್ತೆ ಬೀಗ ಹಾಕುತ್ತಿದ್ದಳು. ಮದುವೆಗೆ ಮುಂಚೆ ಅಲ್ಲಿನ ಫಾದರ್ ಪದ್ಧತಿಯಂತೆ ನನ್ನೊಬ್ಬಳನ್ನೇ ಕೂರಿಸಿ “ಯಾರ ಬಲವಂತಾನಾದ್ರೂ ಇದ್ಯಾ?” ಎಂದು ಕೇಳಿದಾಗ ಬಾಗಿಲಾಚೆ ಅಪ್ಪ ಕೆಮ್ಮಿದರು. “ಇಲ್ಲ ಫಾದರ್,” ಎಂದು ಸಹಿ ಹಾಕಿದೆ.

ಈಗ ಅಪ್ಪ ಇರಲಿಲ್ಲ; ಅಮ್ಮ, ತಂಗಿ ತುಮಕೂರಿನಲ್ಲಿ ನನ್ನ ಜೊತೆಗಿದ್ದರು. ತಂಗಿ ಆಗ ಹಾಸ್ಟೆಲಿನಲ್ಲಿದ್ದವಳು, ಬೀಗದ ವಿಷಯ ಗೊತ್ತಿದ್ದವಳು ಅಮ್ಮ ಒಬ್ಬಳೇ.

“ನಾನ್ ಹೇಳ್ತೀನಿ ಬುಡು,” ಎಂದು ಅವಳೇ ನನ್ನ ತಲೆ ಮುಟ್ಟಿ ಹೇಳಿದಳು. ಬೆಂಗಳೂರಿಗೆ ನಾನೇ ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಬೈಬಲ್ ಮೇಲೆ ಕೈಯಿಟ್ಟು ಹೇಳಿಕೆ ಕೊಡಬೇಕು. ಅವಳೊಬ್ಬಳನ್ನೇ ಒಳಗೆ ಕರೆದರು. ಹೊರಗೆ ಬಂದವಳು ಕಾಫಿ ಬೇಕೆಂದಳು. ಕೊಡಿಸಿದೆ.

ಕೆಲವು ತಿಂಗಳಾದ ಮೇಲೆ, ತೀರ್ಪಿಗೆ ಮುಂಚೆ, ಹೇಳಿಕೆಗಳನ್ನು ಓದಲು ನನ್ನನ್ನು ಕರೆಸಿದರು. ಅಮ್ಮನದು ಅರ್ಧ ಪುಟವೂ ಇರಲಿಲ್ಲ. ಮಗಳು ಮನಸ್ಸಾರೆ ಒಪ್ಪಿದ್ದಳು. ಯಾರೂ ಕೂಡಿಹಾಕಿರಲಿಲ್ಲ. ಕೆಳಗೆ ಅವಳ ಹೆಬ್ಬೆಟ್ಟು. ಮತ್ತೊಮ್ಮೆ ಓದಿದೆ.

ಮನೆಗೆ ಬಂದು ಕೇಳಿದರೆ ಅಮ್ಮ ಅವರೆಕಾಯಿ ಸುಲಿಯುತ್ತಲೇ ಹೇಳಿದಳು: “ಸತ್ತೋರ್ ಮೇಲೆ ಹೆಂಗ್ ಹೇಳ್ಲೇ? ನಿನ್ ತಂಗೀಗೆ ಬೇರೆ ಗಂಡು ನೋಡ್ತಿದೀವಿ. ಆವತ್ತು ಫಾದರ್ ಕೇಳ್ದಾಗ ನೀನೇ ‘ಇಲ್ಲ’ ಅಂದ್ಯಲ್ಲೇ!”

“ಬೀಗದ್ ಕೈ ನಿನ್ ಸೆರಗಲ್ಲಿತ್ತಲ್ಲಮ್ಮ!”

ಅವಳು ಮೊರ ಎತ್ತಿಕೊಂಡು ಒಳಗೆ ಹೋದಳು. ಗಂಡ ಮೋಸ ಮಾಡಿದಾಗ ಅಳುವುದಕ್ಕೆ ನನಗೆ ಅಮ್ಮ ಇದ್ದಳು. ಈ ಸಲ ಯಾರ ಹತ್ತಿರ ಹೋಗಲಿ?

ಮದುವೆ ಸಿಂಧು ಎಂದು ತೀರ್ಪು ಬಂತು. ಮೇಲ್ಮನವಿ ಹಾಕಬಹುದು ಎಂದರು ಫಾದರ್. ಯಾವ ಸಾಕ್ಷಿಯನ್ನು ನಂಬಿ ಹಾಕಲಿ? ಗುಬ್ಬಿಯ ಮೇಷ್ಟ್ರು ಒಂದು ವರ್ಷ ಕಾದರು. ಅವರನ್ನು ದೂರುವುದಿಲ್ಲ.

ಮುಂದಿನ ವರ್ಷ ಒಂದು ಭಾನುವಾರ, ಚರ್ಚಿನಲ್ಲಿ ಬೋಧನೆ ಮುಗಿದ ಮೇಲೆ, ಫಾದರ್ ಮದುವೆ ನಿಶ್ಚಯವಾದವರ ಹೆಸರು ಓದಿದರು. ಮೂರು ಭಾನುವಾರ ಹಾಗೆ ಓದುವುದು ರೂಢಿ. ಗುಬ್ಬಿಯ ಮೇಷ್ಟ್ರ ಹೆಸರು, ಜೊತೆಗೆ ಇನ್ಯಾರದೋ ಹೆಸರು. “ಈ ಮದುವೆಗೆ ಅಡ್ಡಿ ಏನಾದರೂ ಗೊತ್ತಿದ್ದವರು ತಿಳಿಸಬೇಕು. ಗೊತ್ತಿದ್ದೂ ಮುಚ್ಚಿಡುವುದು ಪಾಪ,” ಎಂದರು.

ನಾನು ಪಕ್ಕದಲ್ಲಿದ್ದ ಅಮ್ಮನ ಕಡೆ ತಿರುಗಿದೆ. ಅವಳು ಜಪಸರ ಎಣಿಸುತ್ತಿದ್ದಳು. ಪರಮಪ್ರಸಾದ ಕೊಡುವ ಹೊತ್ತಿಗೆ, ಅದನ್ನು ತೆಗೆದುಕೊಳ್ಳಲು, ತಲೆಯ ಮೇಲೆ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. ನಾನು ಕಾಲು ಮಡಚಿ ಅವಳಿಗೆ ದಾರಿ ಬಿಟ್ಟೆ.